ಕಪ್ಪು ತಾಯಿ, ಹಳದಿ ಮರಿ: ತುಮಕೂರಿನ ಒಂದು ಲ್ಯಾಬ್ರಡಾರ್ ಸೂಲಿನ ಪ್ರಕರಣ

ಕ್ಯಾತಸಂದ್ರದ ಒಂದು ಮನೆಯಲ್ಲಿ ಕಪ್ಪು ಲ್ಯಾಬ್ರಡಾರ್ ನಾಯಿ ಎಂಟು ಮರಿ ಹಾಕಿತು. ಐದು ಕಪ್ಪು, ಮೂರು ಹಳದಿ. ತಂದೆ ನಾಯಿಯೂ ಕಪ್ಪೇ. ತಂದೆ ತಾಯಿ ಎರಡಕ್ಕೂ ನಾಯಿಗಳ ವಂಶಾವಳಿ ದಾಖಲಿಸುವ ಕೆನಲ್ ಕ್ಲಬ್‌ನ ಕಾಗದ ಇತ್ತು. ಮರಿಗಳು ಕಣ್ಣು ಬಿಡುವ ಹೊತ್ತಿಗೆ ಬುಕ್ ಮಾಡಿದ್ದ ಇಬ್ಬರು ಅಡ್ವಾನ್ಸ್ ವಾಪಸ್ ಕೇಳಿದ್ದರು. ಗಂಡು ನಾಯಿಯ ಮಾಲೀಕರು ನೋಂದಣಿ ಅರ್ಜಿಗೆ ಸಹಿ ಹಾಕಲ್ಲ ಎಂದಿದ್ದರು. ಮನೆಯವರು ಹಳದಿ ಮರಿಗಳನ್ನು ಸುಮ್ನೆ ಯಾರಿಗಾದರೂ ಕೊಟ್ಟುಬಿಡೋಣ ಎಂದು ತೀರ್ಮಾನಿಸಿದ್ದರು. ಎಲ್ಲರ ಅನುಮಾನವೂ ಒಂದೇ: ಈ ಮರಿಗಳಲ್ಲಿ ಬೀದಿ ನಾಯಿಯ ರಕ್ತ ಸೇರಿದೆ.

ನಾನು ತುಮಕೂರಿನಲ್ಲಿ ಸಾಕುಪ್ರಾಣಿಗಳ ವೈದ್ಯ. ಮನೆಯವರನ್ನು ಕೇಳಿ, ಅವರ ಹೆಸರು ಬಿಟ್ಟು ಈ ಪ್ರಕರಣ ಬರೆಯುತ್ತಿದ್ದೇನೆ. ನಾಯಿಯನ್ನು ಜೂಲಿ ಎಂದು ಕರೆಯೋಣ. ಜಾತಿ ನಾಯಿ ಮತ್ತು ಅದರ ಪೇಪರ್ ಬಗ್ಗೆ ನಮ್ಮ ಕಡೆ ಓಡಾಡುವ ತಪ್ಪು ತಿಳಿವಳಿಕೆಗಳು ಬಹುಪಾಲು ಈ ಒಂದೇ ಮನೆಯಲ್ಲಿ ಎದುರಾದವು. ಅವುಗಳಿಂದ ಎಂಟು ಮರಿಗಳ ಮತ್ತು ಒಂದು ತಾಯಿಯ ಬದುಕು ಹಾಳಾಗುವುದರಲ್ಲಿತ್ತು.

ಜೂಲಿಯ ಹಿಂದಿನ ಕಥೆ

ಜೂಲಿಯನ್ನು ಬೆಂಗಳೂರಿನ ಬ್ರೀಡರ್ ಒಬ್ಬರಿಂದ ಒಂದೂವರೆ ತಿಂಗಳ ಮರಿಯಾಗಿದ್ದಾಗ ತಂದಿದ್ದರು. ಕೆನಲ್ ಕ್ಲಬ್ ಸರ್ಟಿಫಿಕೇಟ್ ಬಂತು, ಗುರುತಿನ ನಂಬರ್ ಇರುವ ಮೈಕ್ರೋಚಿಪ್ ಚರ್ಮದಡಿ ಇತ್ತು, ಹೆಸರು ವರ್ಗಾವಣೆಯನ್ನೂ ಮಾಡಿಸಿದ್ದರು. ಇಷ್ಟು ಅಚ್ಚುಕಟ್ಟಾಗಿ ಮಾಡಿಸುವವರು ಕಡಿಮೆ.

ಅದಕ್ಕೆ ಹನ್ನೊಂದು ತಿಂಗಳಾದಾಗ ಶಿವರಾತ್ರಿ ಬಂತು. ಮನೆಯವರೆಲ್ಲ ಗುಬ್ಬಿ ತಾಲ್ಲೂಕಿನ ತಮ್ಮ ಹಳ್ಳಿಗೆ ಹೋಗಿದ್ದರು. ಜೂಲಿ ಮೊದಲ ಸಲ ಬೆದೆಗೆ ಬಂದಿರುವುದು ಯಾರ ಗಮನಕ್ಕೂ ಬಂದಿರಲಿಲ್ಲ. ತೋಟದಲ್ಲಿ ಊರಿನ ಕೆಂದು ಬಣ್ಣದ ನಾಯಿಯೊಂದು ಕೂಡಿತು. ಐದು ಮರಿ ಹುಟ್ಟಿದವು. ಐದೂ ಕಪ್ಪು, ಕಾಲ್ಬೆರಳುಗಳಲ್ಲಿ ಮಾತ್ರ ಸ್ವಲ್ಪ ಬಿಳಿ. ಅಕ್ಕಪಕ್ಕದ ತೋಟದವರು 'ಲ್ಯಾಬ್ ಮರಿ' ಎಂದು ಖುಷಿಯಿಂದ ತೆಗೆದುಕೊಂಡು ಹೋದರು.

ಎರಡನೇ ಸೂಲು ಬೇಕು ಅನ್ನಿಸಿದ್ದು ಎರಡು ಕಾರಣಕ್ಕೆ. ಒಂದು, ಕಾಗದ ಇರುವ ಗಂಡಿನ ಜೊತೆ ಕ್ರಾಸ್ ಮಾಡಿಸಿದರೆ ಮರಿಗೆ ಒಳ್ಳೆ ಬೆಲೆ ಬರುತ್ತದೆ. ಎರಡು, 'ಹೆಣ್ಣು ನಾಯಿಗೆ ಸರಿಯಾಗಿ ಒಂದು ಸಲ ಮರಿ ಹಾಕಿಸದಿದ್ದರೆ ಗರ್ಭಕೋಶಕ್ಕೆ ಕಾಯಿಲೆ ಬರುತ್ತೆ' ಎಂದು ಯಾರೋ ಹೇಳಿದ್ದರು. ಈ ಎರಡನೇ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಇದು ಸುಳ್ಳು. ಮರಿ ಹಾಕಿದ ನಾಯಿಗೂ ಗರ್ಭಕೋಶದಲ್ಲಿ ಕೀವು ತುಂಬುತ್ತದೆ, ಹಾಕದ ನಾಯಿಗೂ ತುಂಬುತ್ತದೆ. ಅದನ್ನು ತಡೆಯುವುದು ಸಂತಾನಹರಣ ಆಪರೇಷನ್. ಮೊದಲ ಒಂದೆರಡು ಬೆದೆಯೊಳಗೆ ಮಾಡಿಸಿದರೆ ಮೊಲೆಯ ಗಡ್ಡೆಯ ಅಪಾಯವೂ ಕಡಿಮೆ.

ಅಂತೂ ಜೂಲಿಗೆ ಎರಡೂವರೆ ವರ್ಷ ದಾಟಿದ ಮೇಲೆ ಬೆಂಗಳೂರಿನ ಒಂದು ಕಪ್ಪು ಗಂಡು ನಾಯಿಯ ಬಳಿ ಕರೆದುಕೊಂಡು ಹೋದರು. ಒಂದು ದಿನ ಬಿಟ್ಟು ಒಂದು ದಿನ, ಎರಡು ಸಲ ಮೇಟಿಂಗ್ ಆಯಿತು. 62ನೇ ದಿನಕ್ಕೆ ಮರಿ ಹಾಕಿತು.

'ಒಂದ್ಸಲ ಕೆಟ್ಟ ಮೇಲೆ'

ಮನೆಯ ಯಜಮಾನರು ಹಳ್ಳಿಯಲ್ಲಿ ಹಳ್ಳಿಕಾರ್ ದನ ಸಾಕಿದವರು. ಸಿದ್ಧಗಂಗೆಯ ದನಗಳ ಜಾತ್ರೆಗೆ ಜೋಡಿ ಕಟ್ಟಿದವರು. ಸುಳಿ, ಕೊಂಬು, ಗೊರಸು ನೋಡಿ ಎತ್ತಿನ ಗುಣ ಹೇಳಬಲ್ಲರು. ಅವರು ಹಳದಿ ಮರಿಯೊಂದನ್ನು ಅಂಗೈ ಮೇಲೆ ಮಲಗಿಸಿಕೊಂಡು ನನಗೆ ಹೇಳಿದ್ದು ಇದು:

"ಡಾಕ್ಟ್ರೇ, ಆ ಊರ ನಾಯಿ ಬಣ್ಣ ಇದು, ನೋಡಿ. ಒಂದ್ಸಲ ಕೆಟ್ಟ ಮೇಲೆ ಆ ಹೊಟ್ಟೇಲಿ ಜಾತಿ ಮರಿ ಹುಟ್ಟಲ್ಲ. ನಮ್ಮಪ್ಪನ ಕಾಲದಿಂದ ಹೇಳ್ತಾರೆ."

ಅವರಪ್ಪನ ಕಾಲಕ್ಕಿಂತ ಹಳೆಯ ನಂಬಿಕೆ ಇದು. ಹಳ್ಳಿಯವರಷ್ಟೇ ನಂಬಿದ್ದಲ್ಲ. 1820ರ ಸುಮಾರಿಗೆ ಸ್ಕಾಟ್ಲೆಂಡಿನ ಲಾರ್ಡ್ ಮಾರ್ಟನ್ ಎಂಬ ಶ್ರೀಮಂತ ಒಂದು ಅರಬ್ ಹೆಣ್ಣು ಕುದುರೆಯನ್ನು ಕ್ವಾಗಾ ಜೊತೆ ಕೂಡಿಸಿದ್ದ. ಕ್ವಾಗಾ ಅಂದರೆ ಜೀಬ್ರಾ ಜಾತಿಯ, ಈಗ ಭೂಮಿಯ ಮೇಲೇ ಇಲ್ಲದ ಪ್ರಾಣಿ. ಆಮೇಲೆ ಅದೇ ಹೆಣ್ಣು ಕುದುರೆ ಕಪ್ಪು ಅರಬ್ ಗಂಡು ಕುದುರೆಯಿಂದ ಮರಿ ಹಾಕಿದಾಗ ಆ ಮರಿಗಳ ಕಾಲಿನ ಮೇಲೆ ಪಟ್ಟೆ ಕಂಡಿತು. ಮೊದಲ ಗಂಡಿನ ಗುಣ ತಾಯಿಯಲ್ಲೇ ಉಳಿದುಬಿಡುತ್ತದೆ ಎಂದು ರಾಯಲ್ ಸೊಸೈಟಿಗೆ ವರದಿ ಹೋಯಿತು. ಡಾರ್ವಿನ್ ಕೂಡ ಅದನ್ನು ಒಪ್ಪಿದ್ದರು. 1890ರ ದಶಕದಲ್ಲಿ ಎಡಿನ್‌ಬರೋದ ಪ್ರಾಣಿಶಾಸ್ತ್ರಜ್ಞ ಜೇಮ್ಸ್ ಕೊಸಾರ್ ಎವಾರ್ಟ್ ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಹೆಣ್ಣು ಕುದುರೆಗಳಿಗೆ ಮೊದಲು ಜೀಬ್ರಾದಿಂದ, ಆಮೇಲೆ ಕುದುರೆಯಿಂದ ಮರಿ ಮಾಡಿಸಿದರು. ಎರಡನೇ ಮರಿಗಳಲ್ಲಿ ಜೀಬ್ರಾದ ಗುರುತು ಬರಲಿಲ್ಲ. ಜೀಬ್ರಾವನ್ನೇ ಕಾಣದ ಕುದುರೆಗಳ ಮರಿಗಳಲ್ಲೂ ಆಗಾಗ ಕಾಲಿನ ಪಟ್ಟೆ ಇರುತ್ತದೆ ಎನ್ನುವುದು ಸ್ಪಷ್ಟವಾಯಿತು.

ಕಾರಣ ಸರಳ. ಪ್ರತಿ ಬೆದೆಗೂ ಹೊಸ ಅಂಡಾಣು ಬಿಡುಗಡೆಯಾಗುತ್ತದೆ. ಗಂಡಿನ ವೀರ್ಯ ಹೆಣ್ಣಿನ ದೇಹದಲ್ಲಿ ಕೆಲವು ದಿನ, ಜಾಸ್ತಿ ಅಂದರೆ ಒಂದು ವಾರ ಬದುಕಿರುತ್ತದೆ. ಹಳ್ಳಿಯ ನಾಯಿಯದು ಒಂದೂವರೆ ವರ್ಷ ಕಾದು ಕುಳಿತು ಈ ಸೂಲಿಗೆ ಬರುವುದಿಲ್ಲ. ಜೂಲಿ 'ಕೆಟ್ಟಿಲ್ಲ', ಕೆಡುವುದೂ ಇಲ್ಲ. ಈ ಒಂದು ನಂಬಿಕೆಯಿಂದ ಎಷ್ಟೋ ಒಳ್ಳೆಯ ಹೆಣ್ಣು ನಾಯಿಗಳನ್ನು ತೋಟಕ್ಕೆ ಅಟ್ಟಿ ಚೈನಿನಲ್ಲೇ ಕಟ್ಟಿಹಾಕಿದ್ದನ್ನು ನಾನು ನೋಡಿದ್ದೇನೆ. ಸಂಕಟವಾಗುತ್ತದೆ. ಜೂಲಿಗೂ ಅದೇ ಗತಿ ಎಂಬ ಮಾತು ಮನೆಯಲ್ಲಿ ಆಗಲೇ ಎದ್ದಿತ್ತು.

ಹಳದಿ ಎಲ್ಲಿಂದ ಬಂತು?

ಲ್ಯಾಬ್ರಡಾರ್‌ಗೆ ಒಪ್ಪಿತವಾದ ಬಣ್ಣ ಮೂರು: ಕಪ್ಪು, ಹಳದಿ, ಚಾಕೊಲೇಟ್. ಇವು ಮೂರು ಬೇರೆ ತಳಿ ಅಲ್ಲ. ಒಂದೇ ಸೂಲಿನಲ್ಲಿ ಮೂರೂ ಹುಟ್ಟಬಹುದು.

ಬಣ್ಣವನ್ನು ಮುಖ್ಯವಾಗಿ ಎರಡು ಜೀನ್ ಜೋಡಿಗಳು ತೀರ್ಮಾನಿಸುತ್ತವೆ. ಒಂದು ಜೋಡಿ ಕಪ್ಪೋ ಚಾಕೊಲೇಟೋ ಎಂದು ಹೇಳುತ್ತದೆ. ಇನ್ನೊಂದು ಜೋಡಿ ಆ ಗಾಢ ಬಣ್ಣ ಕೂದಲಿಗೆ ಬರಬೇಕೋ ಬೇಡವೋ ಎಂದು ಹೇಳುತ್ತದೆ. 'ಬೇಡ' ಎನ್ನುವ ಜೀನ್‌ನ ಪ್ರತಿ (ಕಾಪಿ) ತಂದೆಯಿಂದ ಒಂದು, ತಾಯಿಯಿಂದ ಒಂದು ಸೇರಿದರೆ ಮಾತ್ರ ಮರಿ ಹಳದಿ. ಒಂದೇ ಇದ್ದರೆ ನಾಯಿ ಕಪ್ಪಾಗಿಯೇ ಕಾಣುತ್ತದೆ, ಹಳದಿ ಒಳಗೆ ಅಡಗಿರುತ್ತದೆ. ಹೀಗೆ ಅಡಗಿಸಿಕೊಂಡ ಎರಡು ಕಪ್ಪು ನಾಯಿಗಳು ಕೂಡಿದರೆ ಪ್ರತಿ ಮರಿಯೂ ಹಳದಿಯಾಗುವ ಸಾಧ್ಯತೆ ನಾಲ್ಕರಲ್ಲಿ ಒಂದು. ಎಂಟರಲ್ಲಿ ಮೂರು ಬಂದದ್ದರಲ್ಲಿ ವಿಚಿತ್ರ ಏನೂ ಇಲ್ಲ.

ದಾಖಲೆಯಲ್ಲಿರುವ ಮೊದಲ ಹಳದಿ ಲ್ಯಾಬ್ರಡಾರ್ 1899ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಬೆನ್ ಆಫ್ ಹೈಡ್. ಅದರ ತಂದೆ ತಾಯಿ ಇಬ್ಬರೂ ಕಪ್ಪು. ಬ್ರಿಟನ್ನಿನ ಕೆನಲ್ ಕ್ಲಬ್ ಲ್ಯಾಬ್ರಡಾರನ್ನು ತಳಿಯಾಗಿ ಒಪ್ಪಿದ್ದು 1903ರಲ್ಲಿ. ಅಂದರೆ ತಳಿ ಪುಸ್ತಕಕ್ಕೆ ಬರುವ ಮೊದಲೇ ಈ ಬಣ್ಣ ಇತ್ತು.

ಯಜಮಾನರಿಗೆ ಇನ್ನೊಂದು ವಿಷಯ ತೋರಿಸಿದೆ. ಊರ ನಾಯಿಗೆ ಹುಟ್ಟಿದ ಮೊದಲ ಸೂಲಿನ ಐದೂ ಮರಿ ಕಪ್ಪಾಗಿದ್ದವು, ಅಲ್ವಾ? ಲ್ಯಾಬ್ರಡಾರ್‌ಗಳಲ್ಲಿ ಮೈಯೆಲ್ಲ ಒಂದೇ ಬಣ್ಣ ಕೊಡುವ ಬಲವಾದ ಜೀನ್ ಸಾಮಾನ್ಯವಾಗಿ ಎರಡೂ ಪ್ರತಿ ಇರುತ್ತದೆ. ಹಾಗಾಗಿ ಕಪ್ಪು ಲ್ಯಾಬ್ ತಾಯಿಗೆ ಕೆಂದು ಬೀದಿ ನಾಯಿಯಿಂದ ಹುಟ್ಟುವ ಮರಿ ಹೆಚ್ಚಾಗಿ ಕಪ್ಪೇ. ಜನ ಬಣ್ಣ ನೋಡಿ ಮಿಶ್ರ ಮರಿಗಳನ್ನು ಜಾತಿ ಅಂದರು. ಈಗ ಅದೇ ಬಣ್ಣ ನೋಡಿ ಇವನ್ನು ಮಿಶ್ರ ಅನ್ನುತ್ತಿದ್ದಾರೆ. ಯಜಮಾನರು ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಬಾಯಿ ಒಳಗೆ ಕಪ್ಪಿದ್ರೆ ಜಾತಿ ಅಂತಾರಲ್ಲ, ಅದು?" ಎಂದು ಕೇಳಿದರು. ಅದೂ ಸುಳ್ಳು. ನಮ್ಮ ಬೀದಿ ನಾಯಿಗಳಲ್ಲೂ ಅಂಗುಳ ಕಪ್ಪಿರುವವು ಬೇಕಾದಷ್ಟಿವೆ. ಉಗುರು ಎಣಿಸಿ ಜಾತಿ ಹೇಳುವುದು, ಹೆವಿ ಬೋನ್, ಡಬಲ್ ಬೋನ್ ಎಂದು ಬೆಲೆ ಏರಿಸುವುದು, ಇವಕ್ಕೂ ವಂಶಕ್ಕೂ ಸಂಬಂಧ ಇಲ್ಲ.

ಆದರೂ ಉಳಿದ ಒಂದು ಅನುಮಾನ

ಬಣ್ಣದಿಂದ ಮಿಶ್ರ ಎಂದು ಸಾಬೀತಾಗುವುದಿಲ್ಲ. ಹಾಗೆಯೇ ಶುದ್ಧ ಎಂದೂ ಸಾಬೀತಾಗುವುದಿಲ್ಲ. ನಾನು ಯಜಮಾನರ ಸೊಸೆಯ ಬಳಿ ದಿನಾಂಕಗಳನ್ನು ಕೇಳಿದೆ. ಅವರು ಗೋಡೆ ಕ್ಯಾಲೆಂಡರನ್ನೇ ತೆಗೆದು ತಂದರು. ಹಾಲಿನ ಲೆಕ್ಕದ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಎಲ್ಲ ಇತ್ತು: ಬೆದೆಯ ರಕ್ತ ಕಂಡ ದಿನ, 12ನೇ ದಿನ ಮತ್ತು 14ನೇ ದಿನ ಮೇಟಿಂಗ್. 15ನೇ ದಿನದ ಚೌಕದಲ್ಲಿ 'ಗೇಟ್' ಎಂದಷ್ಟೇ ಬರೆದಿತ್ತು.

"ಅವತ್ತು ಸಂಜೆ ಗ್ಯಾಸ್‌ನವರು ಬಂದಾಗ ಗೇಟ್ ತೆಗೆದಿತ್ತು ಸಾರ್. ಬೀದಿ ನಾಯಿ ಕಾಂಪೌಂಡ್ ಒಳಗೆ ಬಂದಿತ್ತು. ಓಡಿಸಿದೆ. ಎಷ್ಟು ಹೊತ್ತು ಇತ್ತೋ ಗೊತ್ತಿಲ್ಲ."

ಇಷ್ಟು ಪ್ರಾಮಾಣಿಕವಾಗಿ ಬರೆದಿಟ್ಟದ್ದಕ್ಕೆ ಆ ತಾಯಿಗೆ ಕೈಮುಗಿಯಬೇಕು. ಗೇಟಿನ ವಿಷಯ ನಿಜಕ್ಕೂ ಮುಖ್ಯ. ಒಮ್ಮೆ ಮೇಟಿಂಗ್ ಆದರೆ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಹೆಣ್ಣು ನಾಯಿ ಇನ್ನೂ ಹಲವು ದಿನ ಬೇರೆ ಗಂಡನ್ನು ಸೇರಿಸಿಕೊಳ್ಳುತ್ತದೆ. ಒಂದೇ ಸೂಲಿನಲ್ಲಿ ಕೆಲವು ಮರಿಗಳಿಗೆ ಒಂದು ತಂದೆ, ಕೆಲವಕ್ಕೆ ಇನ್ನೊಂದು ತಂದೆ ಇರಲು ಸಾಧ್ಯ. ಅದಕ್ಕೇ ಬೆದೆ ಶುರುವಾದ ದಿನದಿಂದ ಮೂರು ವಾರ ಪೂರ್ತಿ ಕಾವಲು ಕಾಯಬೇಕು.

ಹಾಗಾಗಿ ಡಿಎನ್ಎ ಪರೀಕ್ಷೆ ಮಾಡಿಸೋಣ ಎಂದೆ. ನಮ್ಮ ಜಿಲ್ಲೆಯ ಕುಣಿಗಲ್ ಕುದುರೆ ಫಾರಂ ಯಜಮಾನರಿಗೆ ಗೊತ್ತಿತ್ತು. ರೇಸ್ ಕುದುರೆ ಮರಿಯ ಹೆಸರು ವಂಶದ ಪುಸ್ತಕಕ್ಕೆ ಸೇರಬೇಕಾದರೆ ತಂದೆ ತಾಯಿ ಯಾರೆಂದು ಡಿಎನ್ಎಯಿಂದ ಖಚಿತವಾಗಬೇಕು ಎಂದಾಗ ಅವರಿಗೆ ನಂಬಿಕೆ ಬಂತು. ಗಂಡು ನಾಯಿಯ ಮಾಲೀಕರಿಗೂ ಫೋನ್ ಮಾಡಿದೆ. 'ಎಂಟಕ್ಕೆ ಎಂಟೂ ನನ್ನ ನಾಯಿಯದೇ ಎಂದು ಬಂದರೆ ಸಹಿ ಹಾಕುತ್ತೇನೆ' ಎಂದು ಅವರು ತಮ್ಮ ನಾಯಿಯ ಸ್ಯಾಂಪಲ್ ಕೊಡಲು ಒಪ್ಪಿದರು.

ಸ್ಯಾಂಪಲ್ ತೆಗೆದದ್ದು ಮನೆಯಲ್ಲೇ. ಮರಿಯ ಬಾಯಿಯಲ್ಲಿ ತಾಯಿಯ ಹಾಲು ಇದ್ದರೆ ತಾಯಿಯ ಡಿಎನ್ಎ ಬೆರೆತುಬಿಡುತ್ತದೆ. ಅದಕ್ಕೆ ಎರಡು ಗಂಟೆ ಮೊದಲೇ ಮರಿಗಳನ್ನು ತಾಯಿಯಿಂದ ಬೇರೆ ಮಾಡಿ ಟೊಮೆಟೊ ಕ್ರೇಟಿನಲ್ಲಿ ಹಳೇ ಸೀರೆ ಹಾಸಿ ಮಲಗಿಸಿದ್ದರು. ಒಂದೊಂದರ ಕುತ್ತಿಗೆಗೂ ಬೇರೆ ಬೇರೆ ಬಣ್ಣದ ಉಲ್ಲನ್ ದಾರ. ಹಸಿದು ಎಂಟೂ ಒಟ್ಟಿಗೆ ಕುಂಯ್ಗುಡುತ್ತಿದ್ದವು. ಕೆನ್ನೆಯ ಒಳಭಾಗಕ್ಕೆ ಹತ್ತಿಕಡ್ಡಿ ಉಜ್ಜಿ, ಆರಿಸಿ, ಕಾಗದದ ಕವರಿಗೆ ಹಾಕಿ ದಾರದ ಬಣ್ಣ ಬರೆದೆವು. ಬಾಗಿಲಾಚೆ ಜೂಲಿ ಕೆರೆಯುತ್ತಲೇ ಇತ್ತು.

ಪ್ರಯೋಗಾಲಯದವರು ಡಿಎನ್ಎಯ ಹಲವು ಗುರುತುಗಳನ್ನು ಹೋಲಿಸುತ್ತಾರೆ. ಪ್ರತಿ ಗುರುತಿನಲ್ಲೂ ಮರಿಗೆ ಒಂದು ಪ್ರತಿ ತಾಯಿಯದು, ಇನ್ನೊಂದು ತಂದೆಯದು. ಆ ಇನ್ನೊಂದು ಹಲವು ಕಡೆ ಈ ಗಂಡು ನಾಯಿಗೆ ಹೊಂದದಿದ್ದರೆ ಇದು ತಂದೆ ಅಲ್ಲ. ವರದಿ ಬಂತು. ಎಂಟೂ ಮರಿಗಳಿಗೆ ಅದೇ ಕಪ್ಪು ನಾಯಿ ತಂದೆ. ಮಾಲೀಕರು ಕೊಟ್ಟ ಮಾತಿನಂತೆ ಸಹಿ ಹಾಕಿದರು.

ಮೂರು ಕಾಗದ, ಮೂರು ಕೆಲಸ

ಸಹಿ ಬಿದ್ದ ಮೇಲೆ ಯಜಮಾನರ ಮಗನ ಪ್ರಶ್ನೆ: "ಇನ್ನು ಗೌರ್ಮೆಂಟ್ ಪೇಪರ್ ಬರುತ್ತಲ್ವಾ ಡಾಕ್ಟ್ರೇ?"

ಕೆನಲ್ ಕ್ಲಬ್ ಆಫ್ ಇಂಡಿಯಾ ಸರ್ಕಾರದ ಇಲಾಖೆ ಅಲ್ಲ. 1896ರಲ್ಲಿ ಶುರುವಾದ, ಈಗ ಚೆನ್ನೈನಲ್ಲಿ ಕಚೇರಿ ಇರುವ ಸಂಸ್ಥೆ. ನಾಯಿಗಳ ವಂಶಾವಳಿ ದಾಖಲಿಸುವುದು, ಡಾಗ್ ಶೋಗಳನ್ನು ನೋಡಿಕೊಳ್ಳುವುದು ಅದರ ಕೆಲಸ. ತಾಯಿ ನಾಯಿಯ ಮಾಲೀಕರು ಅರ್ಜಿ ಹಾಕಬೇಕು, ಗಂಡು ನಾಯಿಯ ಮಾಲೀಕರು ಒಪ್ಪಿ ಸಹಿ ಹಾಕಬೇಕು. 'ಮರಿ ತಗೊಳ್ಳಿ, ಪೇಪರ್ ಆಮೇಲೆ ನೀವೇ ಮಾಡಿಸ್ಕೊಳ್ಳಿ' ಎಂದು ಮಾರುವವರ ಮಾತು ನಂಬಬೇಡಿ. ಬ್ರೀಡರ್ ಸೂಲನ್ನು ದಾಖಲಿಸದಿದ್ದರೆ ಆ ವಂಶಾವಳಿಯ ಕಾಗದವನ್ನು ಕೊಂಡವರು ಮಾಡಿಸಿಕೊಳ್ಳಲು ಆಗುವುದಿಲ್ಲ. ಕಾಗದ ಕೊಟ್ಟರೆ ಮೈಕ್ರೋಚಿಪ್‌ನ 15 ಅಂಕಿಯ ನಂಬರನ್ನು ರೀಡರ್‌ನಲ್ಲಿ ಓದಿಸಿ ಹೋಲಿಸಿ ನೋಡಿ. ಒಂದು ನಾಯಿಯ ಕಾಗದ ಇನ್ನೊಂದರ ಜೊತೆ ಮಾರಾಟವಾಗುವುದು ಹೊಸದೇನಲ್ಲ.

ಎರಡನೆಯದು ನಿಜವಾಗಿಯೂ ಕಾನೂನಿನದು. 2017ರ ಕೇಂದ್ರದ ನಿಯಮಗಳ ಪ್ರಕಾರ ಮರಿ ಹಾಕಿಸಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಹೆಣ್ಣು ನಾಯಿಗೆ ಕನಿಷ್ಠ 18 ತಿಂಗಳಾಗಿರಬೇಕು, ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಸೂಲು ಕೂಡದು, ಇಡೀ ಆಯುಸ್ಸಿನಲ್ಲಿ ಐದು ಸೂಲು ಮೀರಬಾರದು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಈ ಮನೆಯವರಿಗೆ ಇದು ಗೊತ್ತೇ ಇರಲಿಲ್ಲ. ಹೇಳಿದ ಮೇಲೆ ಅರ್ಜಿ ಹಾಕಿದರು. ಬುಕ್ ಮಾಡಿದ್ದವರು ಮಾತ್ರ 'ಮೂವತ್ತೈದು ದಿನಕ್ಕೇ ಕೊಡಿ, ಚಿಕ್ಕದಿದ್ದರೇ ಹೊಂದಿಕೊಳ್ಳುತ್ತೆ' ಎಂದು ಒತ್ತಾಯಿಸಿದರು. ಕೊಡಲಿಲ್ಲ. ತಾಯಿ ಮತ್ತು ಒಡಹುಟ್ಟಿದವರ ಜೊತೆ ಆ ಕೊನೆಯ ವಾರಗಳಲ್ಲೇ ಮರಿ ಕಚ್ಚುವುದಕ್ಕೆ ಮಿತಿ ಕಲಿಯುತ್ತದೆ. ಮೂರನೆಯದು ಊರಿನ ನಗರಾಡಳಿತದಿಂದ ಸಾಕುನಾಯಿಗೆ ಪಡೆಯುವ ಲೈಸೆನ್ಸ್. ಅದಕ್ಕೂ ವಂಶಕ್ಕೂ ಸಂಬಂಧವಿಲ್ಲ.

ಕಾಗದ ಇಲ್ಲದ ನಾಯಿ ಎಲ್ಲ ಕಂತ್ರಿ ಎನ್ನುವುದೂ ತಪ್ಪು. ನಮ್ಮ ಮುಧೋಳ ನಾಯಿಗಳನ್ನು ತಲೆಮಾರುಗಳಿಂದ ಯಾವ ಕಾಗದವೂ ಇಲ್ಲದೆ ಉಳಿಸಿಕೊಂಡು ಬಂದವರು ಬಾಗಲಕೋಟೆ ಕಡೆಯ ಹಳ್ಳಿ ಜನ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಸ್ಟಾಂಪ್ ತಂದಿತು. ಕಾಗದ ಇಲ್ಲದಿದ್ದರೆ ವಂಶವನ್ನು ತೋರಿಸಲು ದಾಖಲೆ ಇಲ್ಲ, ಅಷ್ಟೇ.

ಯಾರೂ ಕೇಳದ ಪ್ರಶ್ನೆ

ನನ್ನ ಮಟ್ಟಿಗೆ ಪ್ರಕರಣದ ತಿರುಳು ಇಲ್ಲಿಂದ ಶುರು.

ನೋಂದಣಿಗೆಂದು ಎರಡೂ ಸರ್ಟಿಫಿಕೇಟ್‌ಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಿದ್ದರು. ಜೂಲಿಯ ತಾಯಿಯ ತಂದೆ ಒಂದು ಚಾಂಪಿಯನ್ ನಾಯಿ. ಗಂಡು ನಾಯಿಯ ಕಾಗದದಲ್ಲೂ ಅಜ್ಜನ ಜಾಗದಲ್ಲಿ ಅದೇ ಹೆಸರು! 'ಚಾಂಪಿಯನ್ ಬ್ಲಡ್‌ಲೈನ್' ಎಂದು ಎಲ್ಲರೂ ಹೆಮ್ಮೆ ಪಟ್ಟಿದ್ದ ಸಾಲು ಅದು. ಎರಡೂ ಕಡೆ ಒಂದೇ ನಾಯಿ ಎಂದು ಯಾರೂ ನೋಡಿರಲಿಲ್ಲ. ಇಷ್ಟು ದೂರದ ಸಂಬಂಧದಿಂದ ಬರುವ ಒಳಸಂತಾನದ (ರಕ್ತಸಂಬಂಧದೊಳಗೇ ಮರಿ ಮಾಡಿಸುವುದರ) ಪ್ರಮಾಣ ಸುಮಾರು ಶೇಕಡಾ 3, ಗಾಬರಿಯಾಗುವಷ್ಟಲ್ಲ. ಸ್ವಂತ ಅಣ್ಣ ತಂಗಿಯನ್ನು ಕೂಡಿಸಿದರೆ ಅದು ಶೇಕಡಾ 25. ಬ್ರಿಟನ್ನಿನ ಕೆನಲ್ ಕ್ಲಬ್ ಅಂಥ ಮರಿಗಳನ್ನು 2009ರಿಂದ ದಾಖಲಿಸುವುದನ್ನೇ ನಿಲ್ಲಿಸಿತು. 'ಒಂದೇ ರಕ್ತದಲ್ಲಿ ಮಾಡಿದರೆ ಇನ್ನೂ ಶುದ್ಧ' ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಹಾಗೆ ಮಾಡಿದರೆ ಅಡಗಿರುವ ಹಳದಿ ಬಣ್ಣ ಹೊರಗೆ ಬಂದ ದಾರಿಯಲ್ಲೇ ಅಡಗಿರುವ ಕಾಯಿಲೆಯೂ ಹೊರಗೆ ಬರುತ್ತದೆ.

ಮರಿಗಳು ಹಾಲು ಬಿಟ್ಟ ಮೇಲೆ ಜೂಲಿ ತಪಾಸಣೆಗೆ ಬಂತು. ಟೈಲ್ಸ್ ನೆಲದಿಂದ ಏಳುವಾಗ ಮುಂಗಾಲಿನ ಮೇಲೆ ಭಾರ ಹಾಕಿ, ಹಿಂಭಾಗವನ್ನು ಎಳೆದುಕೊಂಡು ಎದ್ದಿತು. ಓಡಿಸಿ ನೋಡಿದೆ. ಎರಡೂ ಹಿಂಗಾಲು ಒಟ್ಟಿಗೆ ಎತ್ತಿ ಕುಪ್ಪಳಿಸುತ್ತಿತ್ತು. "ಮರಿ ಹಾಕಿದ ಸುಸ್ತು ಅಂದ್ಕೊಂಡಿದ್ವಿ ಸಾರ್" ಎಂದರು ಸೊಸೆ. ಅರಿವಳಿಕೆ ಕೊಟ್ಟು ಸೊಂಟದ ಎಕ್ಸ್‌ರೇ ತೆಗೆದೆ. ಎಡಗಡೆ ತೊಡೆಮೂಳೆಯ ಗುಂಡು ಬಟ್ಟಲಿನಲ್ಲಿ ಸರಿಯಾಗಿ ಕೂತಿಲ್ಲ, ಬಟ್ಟಲೇ ಆಳವಿಲ್ಲ, ಅಂಚಿನಲ್ಲಿ ಸವೆತ ಶುರುವಾಗಿದೆ. ಹಿಪ್ ಡಿಸ್‌ಪ್ಲೇಸಿಯಾ. ಲ್ಯಾಬ್ರಡಾರ್‌ಗಳಲ್ಲಿ ಸಾಮಾನ್ಯವಾದ, ವಂಶದಲ್ಲಿ ಹರಿಯುವ ತೊಂದರೆ. ಗಂಡು ನಾಯಿಗೆ ಎಕ್ಸ್‌ರೇ ಆಗಿದೆಯಾ ಎಂದು ಕೇಳಿಸಿದೆ. ಆಗಿರಲಿಲ್ಲ.

ನೋಂದಣಿ ಕಾಗದ ಜಮೀನಿನ ಪಹಣಿ ಇದ್ದ ಹಾಗೆ. ಯಾರದು ಎಂದು ಹೇಳುತ್ತದೆ, ಮಣ್ಣು ಹೇಗಿದೆ ಎಂದು ಹೇಳುವುದಿಲ್ಲ. ಈ ಮಾತನ್ನು ಯಜಮಾನರಿಗೆ ಹೇಳಿದಾಗ ಅವರಿಗೆ ಮತ್ತೆ ವಿವರಿಸಬೇಕಾಗಲಿಲ್ಲ. ಬಣ್ಣ, ಪೇಪರ್, ಚಾಂಪಿಯನ್ ಬಗ್ಗೆ ಅಷ್ಟೊಂದು ಜನ ಫೋನ್ ಮಾಡಿದ್ದರು. ತಾಯಿ ಸರಿಯಾಗಿ ನಡೆಯುತ್ತದಾ ಎಂದು ಒಬ್ಬರೂ ಕೇಳಿರಲಿಲ್ಲ. ಮರಿಗಳು ನೂರಕ್ಕೆ ನೂರು ಲ್ಯಾಬ್ರಡಾರ್ ಎಂದು ಸಾಬೀತಾಯಿತು. ಆದರೆ ಆ ಸೂಲೇ ಆಗಬಾರದಿತ್ತು. ಕ್ರಾಸ್ ಮಾಡಿಸುವ ಮೊದಲು ಎರಡೂ ನಾಯಿಗಳಿಗೆ ಎರಡು ವರ್ಷ ತುಂಬಿದ ಮೇಲೆ ಒಂದೊಂದು ಎಕ್ಸ್‌ರೇ ತೆಗೆಸಿದ್ದರೆ ಗೊತ್ತಾಗುತ್ತಿತ್ತು. ಡಿಎನ್ಎ ವರದಿಗೆ ಕಾದಷ್ಟು ಆತಂಕದಿಂದ ಯಾರಾದರೂ ಆ ಎಕ್ಸ್‌ರೇಗೆ ಕಾಯುವುದನ್ನು ನಾನು ನೋಡಬೇಕು.

ಮುಂದೇನು ಮಾಡಿದೆವು

ಮರಿ ಕೊಳ್ಳುವವರಿಗೆ ತಾಯಿಯ ಸೊಂಟದ ವಿಷಯ ಬರೆದು ಕೊಡಬೇಕು ಎಂದೆ. ಮಗನಿಗೆ ಮೊದಲು ಇಷ್ಟವಿರಲಿಲ್ಲ, ಬೆಲೆ ಬೀಳುತ್ತದೆ ಎಂಬ ಭಯ. ಒಪ್ಪಿಸಿದ್ದು ಯಜಮಾನರು. "ಜಾತ್ರೇಲಿ ಎತ್ತಿನ ಐಬು ಮುಚ್ಚಿಟ್ಟು ಮಾರಿದೋನಲ್ಲ ನಾನು" ಎಂದರು. ಒಬ್ಬರು ಹಿಂದೆ ಸರಿದರು. ಉಳಿದವರು ತೆಗೆದುಕೊಂಡರು. ಹಳದಿ ಮೂರೂ ಮೊದಲು ಹೋದವು.

ಜೊತೆಗೆ ಒಂದು ಹಾಳೆ ಕೊಟ್ಟೆವು. ಅದರಲ್ಲಿ ಇದ್ದದ್ದು ಮುಖ್ಯವಾಗಿ ಊಟದ ವಿಷಯ. ವಂಶ ಮಾತ್ರವಲ್ಲ, ಮೈ ತೂಕವೂ ಸೊಂಟವನ್ನು ಹಾಳು ಮಾಡುತ್ತದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೆ ಗಮನಿಸಿದ ಅಧ್ಯಯನ ಒಂದಿದೆ. ಜೋಡಿಯಲ್ಲಿ ಒಂದಕ್ಕೆ ಶೇಕಡಾ 25 ಕಡಿಮೆ ಊಟ ಹಾಕಿದರು. ಕಡಿಮೆ ತಿಂದವು ಹೆಚ್ಚುಕಡಿಮೆ ಎರಡು ವರ್ಷ ಜಾಸ್ತಿ ಬದುಕಿದವು, ಸೊಂಟದ ಸವೆತವೂ ತಡವಾಗಿ ಬಂತು. ದಪ್ಪ ಮರಿಯೇ ಆರೋಗ್ಯದ ಮರಿ ಎಂದು ಮೂರು ಹೊತ್ತು ಅನ್ನ ಹಾಲು ತುಂಬುವ ಮನೆಗಳಲ್ಲಿ ಇದನ್ನು ಒತ್ತಿ ಹೇಳಲೇಬೇಕು. ನುಣುಪು ಟೈಲ್ಸ್ ಮೇಲೆ ಓಡಾಡಿಸಬೇಡಿ, ಮೆಟ್ಟಿಲು ಹತ್ತಿಳಿಸಬೇಡಿ, ಎರಡು ವರ್ಷಕ್ಕೆ ಎಕ್ಸ್‌ರೇ ತೆಗೆಸದೆ ಕ್ರಾಸ್ ಮಾಡಿಸಬೇಡಿ ಎಂದೂ ಬರೆದಿತ್ತು.

ಜೂಲಿಗೆ ಸಂತಾನಹರಣ ಆಪರೇಷನ್ ಆಯಿತು. ತೂಕ ಇಳಿಸಿದರು, ಮನೆಯೊಳಗೆ ರಬ್ಬರ್ ಮ್ಯಾಟ್ ಹಾಸಿದರು. ನೋವಿನ ಮಾತ್ರೆ ಈಗ ಚಳಿಗಾಲದಲ್ಲಿ ಮಾತ್ರ ಬೇಕಾಗುತ್ತದೆ. ತೋಟಕ್ಕೆ ಅಟ್ಟುವ ಮಾತು ಮತ್ತೆ ಬರಲಿಲ್ಲ.

ಮರಿಗಳಿಗೆ ಎರಡು ವರ್ಷ ದಾಟಿದೆ. ಮೂರರ ಎಕ್ಸ್‌ರೇ ಬಂದಿದೆ: ಎರಡರ ಸೊಂಟ ಚೆನ್ನಾಗಿದೆ, ಒಂದು ಹಳದಿ ಗಂಡಿಗೆ ತಾಯಿಯದೇ ತೊಂದರೆ ಸಣ್ಣ ಪ್ರಮಾಣದಲ್ಲಿದೆ. ತಿಪಟೂರಿನಲ್ಲಿರುವ ಒಂದು ಕಪ್ಪು ಹೆಣ್ಣು ಮರಿಯ ಮಾಲೀಕರು ಗಂಡು ನಾಯಿ ಹುಡುಕಿಕೊಡಿ ಎಂದು ಕೇಳಿದ್ದಾರೆ. ಎಕ್ಸ್‌ರೇಗೆ ಮುಂದಿನ ತಿಂಗಳು ಕರೆತರಲು ಹೇಳಿದ್ದೇನೆ.